ಹುಲ್ಲಿನ ಮಿಂಚು ಕಾಗದಕ್ಕಿಳಿಯಬೇಕಾದರೆ: ಸಿಂಬಿ, ಹುರಿ, ಕದಿರುಗಳ ಫೋಟೊ ಪ್ರಿಂಟ್ ಮಾಡುವ ಕ್ರಮ

ಭತ್ತದ ಹುಲ್ಲಿನ ಒಂದು ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳ ನಡುವೆ ನಿಧಾನವಾಗಿ ಹೊರಳಿಸಿ ನೋಡಿ. ಒಂದು ಮಗ್ಗುಲಲ್ಲಿ ಗಾಜಿನ ಕಡ್ಡಿಯಂತೆ ಮಿಂಚುತ್ತದೆ, ತುಸು ಹೊರಳಿದರೆ ಮಂಕು ಜೇನುಬಣ್ಣ, ಇನ್ನೂ ಹೊರಳಿದರೆ ಉದ್ದಕ್ಕೂ ಸಣ್ಣ ಗೀರುಗಳು. ಭತ್ತದ ಗಿಡ ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಹೊರಮೈಯಲ್ಲಿ ಕೂಡಿಡುತ್ತದೆ, ಅದರ ಮೇಲೆ ಮೇಣದ ತೆಳುಪದರವೂ ಇರುತ್ತದೆ. ಹೀಗಾಗಿ ಹುಲ್ಲಿಗೆ ಬಣ್ಣಕ್ಕಿಂತ ಹೆಚ್ಚಾಗಿ ಮೈ ಇದೆ. ಹುಲ್ಲಿನ ಕೆಲಸದ ಪ್ರಿಂಟ್ ಗೆಲ್ಲುವುದೂ ಸೋಲುವುದೂ ಆ ಮಿಂಚನ್ನು ಉಳಿಸಿಕೊಳ್ಳುವುದರಲ್ಲೇ. ಮಿಂಚು ಸುಟ್ಟು ಬಿಳಿಯಾದರೆ ಹುಲ್ಲು ಪ್ಲಾಸ್ಟಿಕ್ ದಾರದಂತೆ ಕಾಣುತ್ತದೆ, ಪೂರ್ತಿ ತೆಗೆದುಹಾಕಿದರೆ ನೆನೆದ ಸೆಣಬಿನಂತೆ. ಬೆಳಕು ಇಡುವಲ್ಲಿಂದ ಚೌಕಟ್ಟು ಕಟ್ಟುವವರೆಗೆ ಮುಂದೆ ಹೇಳುವ ಹಂತಗಳೆಲ್ಲ ಇದಕ್ಕಾಗಿಯೇ.

ಯಾವ ವಸ್ತು, ಯಾವ ತಿಂಗಳು

ಕೊಡಗಿನಲ್ಲಿ ಕ್ಯಾಮೆರಾಕ್ಕೆ ಸಿಗುವ ಹುಲ್ಲಿನ ಕೆಲಸ ಬೇಕಾದಷ್ಟಿದೆ. ಗಡಿಗೆಯ ಕೆಳಗಿಡುವ ಸಿಂಬಿ, ಹೊರೆ ಕಟ್ಟುವ ಹುಲ್ಲಿನ ಹುರಿ, ಕಣದಲ್ಲಿ ಒಟ್ಟಿದ ಬಣವೆಯ ನೆತ್ತಿಯ ಕಟ್ಟು, ತೆನೆ ಹೆಣೆದ ಭತ್ತದ ತೋರಣ, ಸುಗ್ಗಿ ಹಬ್ಬ ಹುತ್ತರಿಯ ದಿನ ಎಲೆಗಳ ಜೊತೆ ಸೇರಿಸಿ ಮನೆಯಲ್ಲಿ ಕಟ್ಟುವ ಕದಿರು (ಹೊಸ ಭತ್ತದ ತೆನೆ). ಘಟ್ಟ ಇಳಿದರೆ ಹುಲ್ಲಿನೊಳಗೆ ಅಕ್ಕಿ ಕಟ್ಟಿಡುವ ತುಳುನಾಡಿನ ಅಕ್ಕಿಮುಡಿ ಇದೆ. ಹುರಿ ಸುತ್ತಿ ಸುತ್ತಿ ಚೆಂಡಿನಂತೆ ಬಿಗಿದ ಅದರ ಮೈ ಹತ್ತಿರದ ಫೋಟೊಗೆ ಹೇಳಿಮಾಡಿಸಿದಂತಿರುತ್ತದೆ.

ಹುಲ್ಲಿನ ಬಣ್ಣ ವಾರದಿಂದ ವಾರಕ್ಕೆ ಬದಲಾಗುತ್ತದೆ. ಕೊಯ್ದ ಹೊಸತರಲ್ಲಿ ಗೆಣ್ಣಿನ ಬಳಿ ಹಸಿರು ಛಾಯೆ ಉಳಿದಿರುತ್ತದೆ, ಎರಡು ಮೂರು ವಾರದಲ್ಲಿ ಅದು ಹೋಗಿ ಬರೀ ಹೊನ್ನು ನಿಲ್ಲುತ್ತದೆ. ವರ್ಷವಿಡೀ ಒಲೆಯ ಹೊಗೆ ಕುಡಿದದ್ದು ಕಂದು. ಮೂರೂ ಚೆಂದವೇ, ಆದರೆ ಒಂದೇ ಸರಣಿಯಲ್ಲಿ ಬೆರೆಸಿದರೆ ಗೋಡೆಯ ಮೇಲೆ ಹೊಂದುವುದಿಲ್ಲ. ಹಸಿರಂಚು ಬೇಕಿದ್ದರೆ ಡಿಸೆಂಬರ್–ಜನವರಿಯ ಕೊಯ್ಲಿನ ಬೆನ್ನಿಗೇ ಹೊರಡಿ. ಕುಡುಗೋಲಿನಲ್ಲಿ ಕೊಯ್ದ ಹುಲ್ಲಿನ ಕೆಲಸವನ್ನೇ ಆರಿಸಿ. ಯಂತ್ರದ ಕೊಯ್ಲಿನಲ್ಲಿ ಎಳೆ ಜಜ್ಜಿ ಸೀಳುತ್ತದೆ, ಹತ್ತಿರದಿಂದ ತೆಗೆದಾಗ ಆ ಸೀಳುಗಳೇ ಎದ್ದು ಕಾಣುತ್ತವೆ. ಅಂಗಡಿಯಲ್ಲಿ ವಾರ್ನಿಶ್ ಬಳಿದು ಮಾರುವ ತೋರಣ ಬೇಡ. ವಾರ್ನಿಶ್ ಹನಿಗಟ್ಟಿದ ಕಡೆಯೆಲ್ಲ ಬಿಳಿ ಚುಕ್ಕೆ ಬರುತ್ತದೆ, ಯಾವ ಬೆಳಕಿನಲ್ಲೂ ಅದನ್ನು ಅಡಗಿಸಲಾಗದು.

ಫೋಟೊಗೆ ಮುಂಚೆ ಗಾಳಿ ಊದುವ ರಬ್ಬರ್ ಬಲ್ಬು, ಮೆತ್ತನೆ ಕುಂಚ ಹಿಡಿದು ಹೊಟ್ಟು, ದೂಳು, ಜೇಡರ ಬಲೆ ತೆಗೆಯಿರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ನೀರು ತಾಗಿದ ಜಾಗ ಕಪ್ಪಾಗಿ ಕಲೆಯಂತೆ ಕಾಣುತ್ತದೆ. ಸಿಂಬಿ ಹೆಣೆಯುವಾಗ ಹುಲ್ಲನ್ನು ನೆನೆಸಿಯೇ ಹೆಣೆಯುತ್ತಾರೆ, ಆದ್ದರಿಂದ ಆಗಷ್ಟೇ ಮುಗಿದ ಸಿಂಬಿಯನ್ನು ಎರಡು ದಿನ ನೆರಳಿನಲ್ಲಿ ಒಣಗಲು ಬಿಟ್ಟು ಆಮೇಲೆ ತೆಗೆಯಿರಿ.

ಹುತ್ತರಿಯ ಕದಿರಿನ ಮಾತು ಬೇರೆ. ಅದು ಅಲಂಕಾರದ ಸಾಮಾನಲ್ಲ, ಒಕ್ಕದವರು (ಒಂದೇ ಮನೆತನದವರು) ಗದ್ದೆಯಿಂದ ಮನೆಗೆ ಕರೆತರುವ ಸಿರಿ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ತೆಗೆಯುವುದಾದರೆ ಹಿರಿಯರನ್ನು, ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರನ್ನು ಮೊದಲೇ ಕೇಳಿ. ಚಪ್ಪಲಿ ಹೊರಗಿರಲಿ, ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪಕ್ಕೆ ಅಡ್ಡವಾಗಿ ಟ್ರೈಪಾಡ್ ನಿಲ್ಲಿಸಬೇಡಿ, ಕಟ್ಟಿದ ಕದಿರನ್ನು ಬಿಚ್ಚಿ ಬೇರೆಡೆ ಇಡಲು ಹೋಗಬೇಡಿ. ರಾತ್ರಿ ಗುಂಡು ಹಾರಿಸಿ, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತ ಕದಿರು ಕೊಯ್ಯುವ ಹೊತ್ತಿನಲ್ಲಿ ಫ್ಲ್ಯಾಶ್ ಬೇಡ. ಎಫ್ 2.8, ಸೆಕೆಂಡಿನ 125ನೇ ಒಂದು ಭಾಗ, ಐಎಸ್ಒ 3200ರ ಸುಮಾರಿನಲ್ಲಿ ದೀಪದ ಬೆಳಕಿಗೇ ತೆಗೆದದ್ದು ದಾಖಲೆಗೆ ಸಾಕು. ದೊಡ್ಡ ಪ್ರಿಂಟಿಗೆ ಬೇಕಾದದ್ದು ಮರುದಿನ ಬೆಳಗ್ಗೆ ಸಿಗುತ್ತದೆ. ಕದಿರಿನ ಜೊತೆ ಕಟ್ಟಿದ ಎಲೆಗಳು ಒಂದೆರಡು ದಿನದಲ್ಲೇ ಬಾಡುವುದರಿಂದ ಆ ಬೆಳಗನ್ನು ತಪ್ಪಿಸಿಕೊಳ್ಳಬೇಡಿ.

ಬೆಳಕು ಇಡುವುದು

ಹುಲ್ಲಿಗೆ ಬೆಳಕು ಪಕ್ಕದಿಂದ, ತಗ್ಗಿನಿಂದ ಬರಬೇಕು. ಸಿಂಬಿಯನ್ನು ಮೇಜಿನ ಮೇಲಿಟ್ಟರೆ ಬೆಳಕು ಮೇಜಿನ ಮಟ್ಟದಿಂದ 15ರಿಂದ 25 ಡಿಗ್ರಿ ಎತ್ತರದಲ್ಲಿರಲಿ. ಆಗ ಪ್ರತಿ ಎಳೆಯ ಒಂದು ಮಗ್ಗುಲು ಬೆಳಗುತ್ತದೆ, ಮತ್ತೊಂದು ನೆರಳಾಗುತ್ತದೆ, ಹುರಿಯ ತಿರುವು ಎದ್ದು ನಿಲ್ಲುತ್ತದೆ. ನೆತ್ತಿಯ ಬೆಳಕಿನಲ್ಲಿ ಅದೇ ಸಿಂಬಿ ಚಪ್ಪಟೆ ಬಿಲ್ಲೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಅಂತೂ ಎಲ್ಲ ಎಳೆಗಳ ಮಿಂಚನ್ನೂ ನೇರ ಲೆನ್ಸಿಗೇ ವಾಪಸು ಕಳಿಸುತ್ತದೆ.

ಬಹಳ ಖರ್ಚಿಲ್ಲದ ಏರ್ಪಾಡು ಇದು. ಉತ್ತರಕ್ಕಿರುವ ಕಿಟಕಿ ಅಥವಾ ಜಗಲಿ, ಬೆಳಗ್ಗೆ 9ರಿಂದ 11. ಬೆಳಕು ಬರುವ ಎದುರು ಬದಿಗೆ, ವಸ್ತುವಿನಿಂದ ಒಂದೂವರೆ ಅಡಿ ದೂರದಲ್ಲಿ ಬಿಳಿ ಥರ್ಮೊಕೋಲ್ ಹಾಳೆ ನಿಲ್ಲಿಸಿ. ನೆರಳು ತೀರಾ ಕಪ್ಪೆನಿಸಿದರೆ ಹತ್ತಿರ ತನ್ನಿ, ತಿರುವುಗಳು ಮಾಸಿದರೆ ದೂರ ಸರಿಸಿ. ಹಿನ್ನೆಲೆಗೆ ಐಮರದ (ಜಗಲಿಯಲ್ಲಿ ಕೂರುವ ಮರದ) ಹಲಗೆಯಂಥ ಹಳೆಯ ಕಪ್ಪುಮರ ಸಿಕ್ಕರೆ ಬೇರೇನೂ ಬೇಡ. ತಲೆಮಾರುಗಳು ಕೂತು ನಯವಾದ ಆ ಮರದ ಮುಂದೆ ಹೊಸ ಹುಲ್ಲು ತಾನೇ ಬೆಳಗುತ್ತದೆ. ಇಲ್ಲದಿದ್ದರೆ ಬೂದು ಖಾದಿ ಬಟ್ಟೆ ಸಾಕು. ಅಚ್ಚಬಿಳಿ ಹಿನ್ನೆಲೆ ಬೇಡ, ಅದರ ಮುಂದೆ ಹುಲ್ಲು ಕೊಳಕಾಗಿ ಕಾಣುತ್ತದೆ.

ಕೊಡಗಿನ ಮನೆಗಳಲ್ಲಿ ಕಣ್ಣಿಗೆ ಬೀಳದ ಎರಡು ತೊಂದರೆಗಳಿವೆ. ಸುತ್ತ ಕಾಫಿ ತೋಟವಿದ್ದರೆ ಎಲೆಗಳ ಹಸಿರು ಜಗಲಿಯೊಳಗೆ ಪ್ರತಿಫಲಿಸಿ ಹುಲ್ಲಿನ ನೆರಳಿನ ಮಗ್ಗುಲಿಗೆ ಬಡಿಯುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲವಿದ್ದರೆ ತಳಭಾಗಕ್ಕೆ ಕೆಂಪು ಬಡಿಯುತ್ತದೆ. ನಮ್ಮ ಕಣ್ಣು ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಸೆನ್ಸರ್ ಮಾಡಿಕೊಳ್ಳುವುದಿಲ್ಲ. ಒಂದೇ ವಸ್ತುವಿನ ಎರಡು ಮಗ್ಗುಲಿಗೆ ಎರಡು ಬಣ್ಣ ಬಿದ್ದರೆ ವೈಟ್ ಬ್ಯಾಲೆನ್ಸಿನಲ್ಲಿ ತಿದ್ದಲೂ ಆಗದು. ತೋಟದ ಕಡೆಗೆ ಬಿಳಿ ಪಂಚೆಯೊಂದನ್ನು ಇಳಿಬಿಡಿ, ನೆಲಕ್ಕೆ ಬೂದು ಬಟ್ಟೆ ಹಾಸಿ. ಹತ್ತು ನಿಮಿಷದ ಈ ಕೆಲಸ ಕಂಪ್ಯೂಟರಿನ ಮುಂದಿನ ಅರ್ಧ ದಿನ ಉಳಿಸುತ್ತದೆ.

ಪ್ರತಿಫಲನದ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇಟ್ಟುಕೊಳ್ಳಿ, ಆದರೆ ಅರ್ಧವೇ ತಿರುಗಿಸಿ. ವ್ಯೂಫೈಂಡರಿನಲ್ಲಿ ನೋಡುತ್ತ ಮಿಂಚು ಪೂರ್ತಿ ಸಾಯುವವರೆಗೆ ತಿರುಗಿಸಿ, ಅಲ್ಲಿಂದ ಸುಮಾರು 30–40 ಡಿಗ್ರಿ ಹಿಂದಕ್ಕೆ ಬನ್ನಿ. ಅತಿ ಹೊಳಪಿನ ತುದಿಗಳು ಅಡಗಿ ಮೈಯ ಕಾಂತಿ ಉಳಿಯುವ ಜಾಗ ಅಲ್ಲೆಲ್ಲೋ ಸಿಗುತ್ತದೆ.

ಕ್ಯಾಮೆರಾ

ಟ್ರೈಪಾಡ್, ಐಎಸ್ಒ 100, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಮರದ ಅಟ್ಟಣಿಗೆಯ ನೆಲವಾದರೆ ಯಾರೂ ಓಡಾಡದಂತೆ ನೋಡಿಕೊಳ್ಳಿ. 60ರಿಂದ 105 ಮಿಲಿಮೀಟರ್ ನಡುವಿನ ಮ್ಯಾಕ್ರೊ ಲೆನ್ಸ್ ಎಲ್ಲಕ್ಕಿಂತ ಅನುಕೂಲ. ಅಪರ್ಚರ್ ಎಫ್ 8 ಅಥವಾ ಎಫ್ 11. ಎಲ್ಲವೂ ಸ್ಪಷ್ಟವಾಗಲಿ ಎಂದು ಎಫ್ 22ಕ್ಕೆ ಹೋದರೆ ಬೆಳಕಿನ ಬಾಗುವಿಕೆಯಿಂದ ಇಡೀ ಚಿತ್ರವೇ ಮೆತ್ತಗಾಗಿ ತೆನೆಯ ಸುಂಕು (ಕೂದಲಿನಂಥ ಎಳೆ) ಮಾಯವಾಗುತ್ತದೆ. ಸ್ಪಷ್ಟತೆಯ ಆಳ ಸಾಲದಿದ್ದರೆ ಫೋಕಸ್ ಸ್ಟ್ಯಾಕಿಂಗ್ ಮಾಡಿ. ಎರಡು ಇಂಚು ಎತ್ತರದ ಸಿಂಬಿಗೆ ಹತ್ತಿರದ ಎಳೆಯಿಂದ ದೂರದ ಎಳೆಯವರೆಗೆ ಫೋಕಸ್ ಸರಿಸುತ್ತ 8ರಿಂದ 12 ಚಿತ್ರ ತೆಗೆದು ಸಾಫ್ಟ್‌ವೇರಿನಲ್ಲಿ ಜೋಡಿಸಬಹುದು. ಇಳಿಬಿಟ್ಟ ಕದಿರಿಗೆ ಇದು ನಡೆಯದು. ಗಾಳಿಯ ಸುಳಿವಿಲ್ಲವೆಂದು ಕಂಡರೂ ತೆನೆಯ ತುದಿ ಅಲುಗುತ್ತಲೇ ಇರುತ್ತದೆ, ಜೋಡಿಸಿದಾಗ ಎರಡೆರಡು ತುದಿ ಮೂಡುತ್ತವೆ. ಕದಿರನ್ನು ಎಫ್ 11ರಲ್ಲಿ ಒಂದೇ ಚಿತ್ರವಾಗಿ ತೆಗೆಯಿರಿ.

ಎಕ್ಸ್‌ಪೋಶರ್ ನೋಡುವಾಗ ಮೂರು ಬಣ್ಣಗಳ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ಗ್ರಾಫ್) ತೆರೆದಿಟ್ಟುಕೊಳ್ಳಿ. ಹೊನ್ನಿನ ಹಳದಿಯಲ್ಲಿ ಕೆಂಪಿನ ಪಾಲು ಹೆಚ್ಚು, ಹಾಗಾಗಿ ಕೆಂಪು ಚಾನೆಲ್ ಮೊದಲು ತುಂಬಿ ಹರಿಯುತ್ತದೆ. ಒಟ್ಟು ಬೆಳಕಿನ ಒಂದೇ ಗ್ರಾಫ್ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ. ಪ್ರಿಂಟಿನಲ್ಲಿ ನೋಡಿದರೆ ಮಿಂಚಿನ ಸುತ್ತ ವಿವರವಿಲ್ಲದ ನಿಂಬೆ ಹಳದಿಯ ಪಟ್ಟಿ. ಕೆಂಪು ಗ್ರಾಫ್ ಬಲದ ಗೋಡೆಗೆ ತಾಗುತ್ತಿದ್ದರೆ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಪ್ರತಿ ಬೆಳಕಿನ ಏರ್ಪಾಡಿಗೂ ಒಮ್ಮೆ ಬೂದು ಕಾರ್ಡ್ ಅಥವಾ 24 ಚೌಕದ ಬಣ್ಣದ ಕಾರ್ಡ್ ಹಿಡಿದು ಒಂದು ಚಿತ್ರ ತೆಗೆಯಿರಿ. ಒತ್ತೊತ್ತಾಗಿ ಸಾಲುಗೂಡಿದ ಎಳೆಗಳಲ್ಲಿ ಮಳೆಬಿಲ್ಲಿನಂಥ ಪಟ್ಟೆ ಕಂಡರೆ ಅದು ಮೊಯ್ರೆ, ಎಳೆಗಳ ಸಾಲೂ ಸೆನ್ಸರಿನ ಸಾಲೂ ಒಂದಕ್ಕೊಂದು ತಾಕಲಾಡಿ ಹುಟ್ಟುವ ಸುಳ್ಳು ಬಣ್ಣ. ಕ್ಯಾಮೆರಾವನ್ನು ಅರ್ಧ ಅಡಿ ಮುಂದಕ್ಕೋ ಹಿಂದಕ್ಕೋ ಸರಿಸಿದರೆ, ಇಲ್ಲವೇ ಕೋನ ತುಸು ಬದಲಿಸಿದರೆ ಹೋಗುತ್ತದೆ. ಅಲ್ಲೇ ಪರದೆಯಲ್ಲಿ ದೊಡ್ಡದು ಮಾಡಿ ನೋಡಿಕೊಳ್ಳಿ, ಮನೆಗೆ ಬಂದ ಮೇಲೆ ಅದನ್ನು ತೆಗೆಯುವುದು ಕಷ್ಟ.

ಪ್ರಿಂಟಿನ ಅಳತೆಯನ್ನೂ ಈಗಲೇ ಯೋಚಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 × 4000 ಚಿತ್ರ 18 × 12 ಇಂಚಿಗೆ ಇಂಚೊಂದಕ್ಕೆ 333 ಪಿಕ್ಸೆಲ್ ಕೊಡುತ್ತದೆ, 24 × 16 ಇಂಚಿಗೆ 250. ಬೇರೆ ವಿಷಯಗಳಿಗೆ 200 ಸಾಕಾಗಬಹುದು, ಹುಲ್ಲಿಗೆ 250ಕ್ಕಿಂತ ಕೆಳಗಿಳಿಯಬೇಡಿ. ಜನ ಈ ಪ್ರಿಂಟಿನ ಹತ್ತಿರ ಮೂಗು ತಂದು ನೋಡುತ್ತಾರೆ.

ಕಂಪ್ಯೂಟರಿನಲ್ಲಿ

ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿ (ಬಣ್ಣ, ಹೊಳಪು ಅಳೆದು ಸರಿಹೊಂದಿಸಿ), ಹೊಳಪು ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸಿನಲ್ಲಿರಲಿ. 'ಪ್ರಿಂಟ್ ಕಪ್ಪಾಗಿ ಬಂತು' ಎಂಬ ದೂರಿನ ಮೂಲ ಹೆಚ್ಚಾಗಿ ಪ್ರಿಂಟರಿನಲ್ಲಿ ಇರುವುದಿಲ್ಲ, ಅತಿ ಹೊಳಪಿನ ಪರದೆಯಲ್ಲಿರುತ್ತದೆ.

ಫೈಲನ್ನು 16 ಬಿಟ್‌ನಲ್ಲಿ, ಅಡೋಬಿ ಆರ್‌ಜಿಬಿ ಅಥವಾ ಪ್ರೊಫೋಟೊ ಆರ್‌ಜಿಬಿ ಬಣ್ಣವ್ಯಾಪ್ತಿಯಲ್ಲಿ ಇಟ್ಟುಕೊಳ್ಳಿ. ಸ್ಯಾಚುರೇಶನ್ ಏರಿಸುವ ಆಸೆ ಬರುತ್ತದೆ, ಬೇಡ. ಏರಿಸಿದ ಕೂಡಲೇ ಹೊನ್ನು ಕಿತ್ತಳೆಯಾಗುತ್ತದೆ. ಬಣ್ಣ ತೆಳುವೆನಿಸಿದರೆ ಹಳದಿಯ ಬೆಳಕಿನ ಮಟ್ಟವನ್ನು ಮಾತ್ರ 5–10ರಷ್ಟು ಇಳಿಸಿ, ಬಣ್ಣ ತಾನೇ ತುಂಬಿಕೊಳ್ಳುತ್ತದೆ. ಕ್ಲ್ಯಾರಿಟಿ 10–15 ದಾಟಿದರೆ ಹುಲ್ಲು ತಂತಿಯಾಗುತ್ತದೆ. ನಾಯ್ಸ್ ರಿಡಕ್ಷನ್ ಸೊನ್ನೆಗಿಡಿ, ಸುಂಕನ್ನು ಮೊದಲು ನುಂಗುವುದು ಅದೇ. ಶಾರ್ಪನಿಂಗ್ ರೇಡಿಯಸ್ 0.6ರಿಂದ 0.8. ಎಳೆಯ ಅಂಚಿಗೆ ಬಿಳಿ ಗೆರೆ ಮೂಡಿದರೆ ಹೆಚ್ಚಾಯಿತೆಂದು ತಿಳಿಯಿರಿ.

ಮುಗಿಸುವ ಮೊದಲು ಅತ್ಯಂತ ಹೊಳೆಯುವ ಎಳೆಯ ಮೇಲೆ ಕರ್ಸರ್ ಇಟ್ಟು ಅಂಕಿ ಓದಿ. 0ರಿಂದ 255ರ ಅಳತೆಯಲ್ಲಿ ಮೂರು ಚಾನೆಲ್‌ಗಳಲ್ಲಿ ಯಾವುದೂ 245 ಮೀರಬಾರದು. ಮೀರಿದ ಜಾಗದಲ್ಲಿ ಶಾಯಿ ಬೀಳುವುದೇ ಕಡಿಮೆ, ಬರಿಯ ಕಾಗದ ಕಾಣುತ್ತದೆ. ಎಳೆಗಳ ನಡುವಿನ ಕತ್ತಲು ಮ್ಯಾಟ್ ಕಾಗದಕ್ಕಾದರೆ 15ಕ್ಕಿಂತ ಕೆಳಗಿಳಿಯದಿರಲಿ, ಇಳಿದರೆ ಒಂದೇ ಕಪ್ಪು ಮುದ್ದೆ.

ಕಾಗದ, ಶಾಯಿ

ಡೈ ಶಾಯಿ (ಬಣ್ಣ ಪೂರ್ತಿ ಕರಗಿದ ಶಾಯಿ) ಬೇಡ. ವರ್ಷಗಟ್ಟಲೆ ಗೋಡೆಯ ಮೇಲಿರಬೇಕಾದ ಪ್ರಿಂಟಿಗೆ ಬಣ್ಣದ ಸಣ್ಣ ಕಣಗಳಿರುವ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ಟೇ ಆಗಬೇಕು. ಇದು ತೇವ, ಬೆಳಕು ಎರಡನ್ನೂ ಹೆಚ್ಚು ತಡೆಯುತ್ತದೆ.

ಕಾಗದದಲ್ಲಿ ಎರಡು ದಾರಿ. ಹೊಗೆ ಕುಡಿದ ಹಳೆಯ ಸಿಂಬಿ, ಮಾಸಿದ ಹುರಿ, ಬಣವೆ ಇವಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸಿನ, ನೂರಕ್ಕೆ ನೂರು ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದ. ಅದರ ಒರಟು ಮೈಗೂ ಹುಲ್ಲಿನ ಒರಟಿಗೂ ಚೆನ್ನಾಗಿ ಒಗ್ಗುತ್ತದೆ. ಹೊಸ ಕದಿರು, ತೋರಣಕ್ಕೆ ಬರೈಟಾ ಕಾಗದ (ಬೇರಿಯಂ ಸಲ್ಫೇಟ್ ಲೇಪದ, ಹೊಳಪಿನದು), ಏಕೆಂದರೆ ಕಪ್ಪಿನ ಆಳ ಅದರಲ್ಲಿ ಹೆಚ್ಚು. ಸಾಂದ್ರತೆಯ ಅಳತೆಯಲ್ಲಿ ಮ್ಯಾಟ್ 1.6–1.7ಕ್ಕೆ ನಿಂತರೆ ಬರೈಟಾ 2.2 ದಾಟುತ್ತದೆ. ಕಪ್ಪು ಆಳವಾದಷ್ಟೂ ಮಿಂಚು ಮಿಂಚಾಗಿ ಕಾಣುತ್ತದೆ. ಒಂದೇ ಕಾಗದ ಕೊಳ್ಳುವಷ್ಟು ಹಣವಿದ್ದರೆ ಮ್ಯಾಟ್ ಹತ್ತಿಯನ್ನೇ ಕೊಳ್ಳಿ. ಕಿಟಕಿ ಎದುರಿನ ಗೋಡೆಯಲ್ಲೂ ಅದು ಪ್ರತಿಬಿಂಬ ಹಿಡಿಯುವುದಿಲ್ಲ.

ಯಾವುದಾದರೂ ಸರಿ, ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸದ ಕಾಗದ ಕೇಳಿ ತನ್ನಿ. ಆ ರಾಸಾಯನಿಕ ಕಾಗದಕ್ಕೆ ನೀಲಿಬಿಳುಪು ಕೊಡುತ್ತದೆ, ಹೊನ್ನಿನ ಬಣ್ಣದ ಪಕ್ಕದಲ್ಲಿ ಅದು ತಣ್ಣಗೆ ಕಾಣುತ್ತದೆ. ಕೆಲವು ವರ್ಷದಲ್ಲಿ ಅದರ ಶಕ್ತಿ ಕುಂದಿ ಅಂಚೆಲ್ಲ ಹಳದಿಯಾಗುವುದು ಬೇರೆ.

ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದ, ಶಾಯಿಯಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲ್) ಹಾಕಿ ಸಾಫ್ಟ್ ಪ್ರೂಫ್, ಎಂದರೆ ಪ್ರಿಂಟ್ ಹೇಗೆ ಬರುತ್ತದೆಂಬುದನ್ನು ಪರದೆಯಲ್ಲೇ, ನೋಡಿ. ಅಲ್ಲಿನ ಆಯ್ಕೆಗಳಲ್ಲಿ ರಿಲೇಟಿವ್ ಕಲರಿಮೆಟ್ರಿಕ್, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಆನ್ ಇರಲಿ. ಕಾಗದದ ಬಣ್ಣ ತೋರಿಸುವ ಗುಂಡಿ ಒತ್ತಿದ ಕೂಡಲೇ ಚಿತ್ರ ಸತ್ತಂತೆ ಕಾಣುತ್ತದೆ, ಗಾಬರಿ ಬೇಡ. ಒಂದು ನಿಮಿಷ ಬೇರೆಡೆ ನೋಡಿ ಮತ್ತೆ ನೋಡಿ, ಬೇಕಾದರೆ ನೆರಳಿನ ಭಾಗವನ್ನಷ್ಟೇ ತುಸು ಎತ್ತಿ.

ಪ್ರಿಂಟರಿನಲ್ಲಿ ಮ್ಯಾಟ್ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್, ಬರೈಟಾಕ್ಕೆ ಫೋಟೊ ಬ್ಲ್ಯಾಕ್. ಇದು ಅದಲುಬದಲಾದರೆ ಮ್ಯಾಟ್‌ನಲ್ಲಿ ಕಪ್ಪು ಬೂದಿಯಂತೆ ಬರುತ್ತದೆ, ಬರೈಟಾದಲ್ಲಿ ಬೆರಳಿಗೆ ಹತ್ತುತ್ತದೆ.

ಮೈಸೂರಿಗೋ ಬೆಂಗಳೂರಿಗೋ ಫೈಲ್ ಕಳಿಸಿ ಮಾಡಿಸುವುದಾದರೆ ನಾಲ್ಕು ಪ್ರಶ್ನೆ ಕೇಳಿ. ಶಾಯಿ ಪಿಗ್ಮೆಂಟೇ? ಕಾಗದದ ಹೆಸರು, ತೂಕ ಏನು? ಐಸಿಸಿ ಪ್ರೊಫೈಲ್ ಕಳಿಸುತ್ತೀರಾ? ಆಟೊ ಕರೆಕ್ಷನ್ ಆಫ್ ಮಾಡುತ್ತೀರಾ? ಕೊನೆಯದ್ದು ಆನ್ ಇದ್ದರೆ ಯಂತ್ರ ಹುಲ್ಲಿನ ಹೊನ್ನನ್ನು ಬಣ್ಣದೋಷವೆಂದು ತಿಳಿದು ನೀಲಿ ಸೇರಿಸಿ 'ಸರಿ' ಮಾಡಿಬಿಡುತ್ತದೆ.

ಮೊದಲು ತುಂಡು ಪ್ರಿಂಟ್

ಇಡೀ ಹಾಳೆ ಕೆಡಿಸುವ ಮೊದಲು ಚಿತ್ರದ ಅತ್ಯಂತ ಕಷ್ಟದ ಭಾಗವನ್ನು, ಮಿಂಚೂ ಕತ್ತಲೂ ಒಟ್ಟಿಗಿರುವ ಕಡೆಯನ್ನು, 6 × 4 ಇಂಚಿನಷ್ಟು ಕತ್ತರಿಸಿ ಮೂರು ಬೆಳಕಿನ ಮಟ್ಟದಲ್ಲಿ ಪ್ರಿಂಟ್ ಮಾಡಿ. ಇದ್ದಂತೆ ಒಂದು, 0.15 ಸ್ಟಾಪ್ ಹೆಚ್ಚು, 0.3 ಹೆಚ್ಚು. ಇದನ್ನು ನಿಜದ ಅಳತೆಯಲ್ಲೇ ಮಾಡಬೇಕು, ಚಿಕ್ಕದಾಗಿಸಿದರೆ ಶಾರ್ಪನಿಂಗ್ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಒಂದು ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ ಆರಲು ಬಿಟ್ಟು, ಪ್ರಿಂಟ್ ತೂಗುವ ಕೋಣೆಯ ಬೆಳಕಿನಲ್ಲೇ ತೀರ್ಮಾನಿಸಿ. ಸಾಧ್ಯವಾದರೆ ಸಿಂಬಿಯನ್ನೇ ಪಕ್ಕದಲ್ಲಿಟ್ಟು ನೋಡಿ. ಹೆಣೆದವರಿಗೆ ತೋರಿಸಿದರೆ ಇನ್ನೂ ಒಳ್ಳೆಯದು, ಹುಲ್ಲು ಎಷ್ಟು ಹಳದಿ ಎಂಬುದು ದಿನವೂ ಅದನ್ನು ಹಿಡಿಯುವ ಕೈಗೆ ಗೊತ್ತು.

ತೇವದ ಜೊತೆ ಏಗುವುದು

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಗಾಳಿಯ ತೇವಾಂಶ ಶೇ 90 ದಾಟುವ ದಿನಗಳು ಸಾಮಾನ್ಯ. ಪ್ರಿಂಟ್ ಕೆಲಸಕ್ಕೆ ಬೇಕಾದದ್ದು ಶೇ 40ರಿಂದ 60. ಹತ್ತಿ ಕಾಗದ ತೇವ ಕುಡಿದು ಅಂಚು ಏಳುತ್ತದೆ, ಎದ್ದ ಅಂಚಿಗೆ ಪ್ರಿಂಟರಿನ ಹೆಡ್ ತಾಗಿ ಕಪ್ಪು ಗೀರು ಬೀಳುತ್ತದೆ. ಹಾಳೆಯನ್ನು ಚೀಲದಲ್ಲೇ ಆ ಕೋಣೆಯಲ್ಲಿ 24 ಗಂಟೆ ಇಟ್ಟು ಆಮೇಲೆ ತೆರೆಯಿರಿ, ಬೇಕಾದ ಒಂದು ಹಾಳೆ ತೆಗೆದು ಚೀಲ ಮುಚ್ಚಿ, ಅಂಚನ್ನು ಮೆಲ್ಲಗೆ ಎದುರು ದಿಕ್ಕಿಗೆ ಬಾಗಿಸಿ ಸಮ ಮಾಡಿ, ಪ್ಲೇಟನ್ ಗ್ಯಾಪ್ (ಹೆಡ್ಡಿಗೂ ಕಾಗದಕ್ಕೂ ನಡುವಿನ ಅಂತರ) ಒಂದು ಮಟ್ಟ ಏರಿಸಿ. ಡೀಹ್ಯುಮಿಡಿಫೈಯರ್ ಇಲ್ಲದವರು ಈ ಕೆಲಸವನ್ನು ಮಳೆಗಾಲದಲ್ಲಿ ಮಾಡದಿರುವುದೇ ಲೇಸು.

ಪ್ರಿಂಟ್ ಆದ ಹಾಳೆಯನ್ನು ಕನಿಷ್ಠ 24 ಗಂಟೆ ತೆರೆದು ಒಣಗಿಸಿ. ಶಾಯಿಯೊಳಗಿನ ದ್ರಾವಕ ಪೂರ್ತಿ ಆರದೆ ಗಾಜು ಹಾಕಿದರೆ, ಮುಖ್ಯವಾಗಿ ಬರೈಟಾದಲ್ಲಿ, ಕೆಲವು ವಾರದಲ್ಲಿ ಗಾಜಿನ ಒಳಮೈಗೆ ಮಂಜು ಹಿಡಿಯುತ್ತದೆ.

ಚೌಕಟ್ಟನ್ನು ಫೆಬ್ರವರಿ ಅಥವಾ ಮಾರ್ಚಿನಲ್ಲಿ ಕಟ್ಟಿಸಿ. ಆಗ ಗಾಳಿ ಒಣಗಿರುವುದರಿಂದ ಒಳಗೆ ಸಿಕ್ಕಿಬೀಳುವ ತೇವ ಕಡಿಮೆ. ಮರ ಚೆನ್ನಾಗಿ ಹದವಾದದ್ದಿರಲಿ. ಎಂಡಿಎಫ್ ಒಂದೇ ಮಳೆಗಾಲಕ್ಕೆ ಊದಿಕೊಂಡು ಮೂಲೆ ಬಿಡುತ್ತದೆ. ಪ್ರಿಂಟಿಗೂ ಗಾಜಿಗೂ ನಡುವೆ ಆಮ್ಲರಹಿತ ರಟ್ಟಿನ ಕಿಟಕಿ ಬೇಕೇ ಬೇಕು. ಗಾಜು ನೇರ ತಾಗಿದ ಪ್ರಿಂಟ್ ತೇವಕ್ಕೆ ಅಂಟಿಕೊಂಡರೆ ಬಿಡಿಸಲಾಗದು.

ಚೌಕಟ್ಟಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಪ್ರಿಂಟಿನ ನಾಲ್ಕೂ ಬದಿಗೆ ಟೇಪ್ ಬಿಗಿಯುತ್ತಾರೆ. ಅಲ್ಲೇ ನಿಂತು ಬೇಡ ಎನ್ನಿ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ನಾಲ್ಕು ಕಡೆ ಕಟ್ಟಿಹಾಕಿದರೆ ಹೋಗಲು ಜಾಗವಿಲ್ಲದೆ ನಡುವೆ ಅಲೆಅಲೆಯಾಗಿ ಉಬ್ಬುತ್ತದೆ. ಮೇಲಿನ ಅಂಚಿಗೆ ಮಾತ್ರ ಎರಡು ಕಡೆ, ಜಪಾನಿ ಟಿಶ್ಯೂ ಕಾಗದದ ಚಿಕ್ಕ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಲ್ಲಿ ಹಚ್ಚಿ ತೂಗಬಿಡಬೇಕು. ಸೆಲ್ಲೊಟೇಪಿನ ಅಂಟು ಕಾಗದದೊಳಗೆ ಇಳಿದು ಮುಂದಿನಿಂದಲೇ ಕಾಣುವ ಎಣ್ಣೆಕಲೆಯಾಗುತ್ತದೆ.

ನೈಋತ್ಯದ ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿನ ಗೋಡೆ, ಒಲೆಯ ಮೇಲ್ಗಡೆ ಇವು ಬಿಟ್ಟು ಒಳಗೋಡೆಗೆ ತೂಗಿ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಅರ್ಧ ಇಂಚಿನ ಬಿರಡೆ ತುಂಡು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ, ಗೆದ್ದಲು ಬಂದರೂ ಮಣ್ಣಿನ ಜಾಡು ಬೇಗ ಕಣ್ಣಿಗೆ ಬೀಳುತ್ತದೆ. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಒಮ್ಮೆ ಇಳಿಸಿ ಹಿಂಬದಿ ನೋಡಿ. ಬೂಷ್ಟು ಕಂಡರೆ ಉಜ್ಜಬೇಡಿ, ಉಜ್ಜಿದರೆ ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಬಿಚ್ಚಿ ನೆರಳು–ಗಾಳಿಯಲ್ಲಿ ಪೂರ್ತಿ ಒಣಗಿಸಿ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆ ಕುಂಚದಿಂದ ಗುಡಿಸಿ ತೆಗೆಯಿರಿ.

ಸಹಿ, ಸಂಖ್ಯೆ

ಚಿತ್ರದ ಸುತ್ತ ಒಂದು ಇಂಚು, ಕೆಳಗೆ ಎರಡು ಇಂಚು ಬಿಳಿ ಅಂಚು ಬಿಡಿ. ಸಹಿ, 3/10 (ಹತ್ತು ಪ್ರತಿಗಳಲ್ಲಿ ಮೂರನೆಯದು) ಎಂಬಂಥ ಸಂಖ್ಯೆ, ವರ್ಷ ಇವನ್ನು ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಹತ್ತಿಯಲ್ಲಿ ಹರಡುತ್ತದೆ. ಹಿಂಬದಿಯಲ್ಲಿ ಕಾಗದ, ಶಾಯಿ, ಪ್ರಿಂಟ್ ಆದ ದಿನ, ವಸ್ತು ಯಾವುದು, ಯಾವ ಊರಿನದು ಎಂದಿರಲಿ. ಹೆಣೆದವರು ಒಪ್ಪಿದರೆ ಅವರ ಹೆಸರನ್ನೂ ಬರೆಯಿರಿ, ಮಾರುವ ಪ್ರಿಂಟಾದರೆ ಅವರ ಪಾಲು ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ. ಸಿಂಬಿ ಕೆಲವೇ ವರ್ಷದಲ್ಲಿ ಸವೆದು ಗೊಬ್ಬರದ ಗುಂಡಿ ಸೇರುತ್ತದೆ, ಆಮೇಲೆ ಆ ಕೈಯ ತಿರುವು ಉಳಿಯುವುದು ಈ ಹಾಳೆಯಲ್ಲೇ. ಅದಕ್ಕೇ ಹತ್ತರಲ್ಲಿ ಒಂದು ಪ್ರತಿ ಅವರ ಮನೆಗೆ ಹೋಗಲಿ.

ಕೊನೆಯ ಟಿಫ್ ಫೈಲನ್ನು ಕಾಗದದ ಪ್ರೊಫೈಲಿನ ಹೆಸರಿನೊಂದಿಗೆ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಗೋಡೆಯ ಪ್ರಿಂಟ್ ಕೆಟ್ಟು ಮತ್ತೆ ಮಾಡಬೇಕಾಗಿ ಬಂದರೆ ಹಳೆಯದನ್ನು ಹರಿದುಹಾಕಿ, ಹೊಸದಕ್ಕೆ ಅದೇ ಸಂಖ್ಯೆ ಹಾಕಿ, ಹಿಂಬದಿಯಲ್ಲಿ ಮರುಪ್ರಿಂಟ್ ಎಂದೂ ದಿನಾಂಕವನ್ನೂ ಬರೆದಿಡಿ.